ಜಟಕಾ ಬಣ್ಣ ಬಳಿದ ಡಿವಿಜಿ

ಬನಶಂಕರಿಯಲ್ಲಿ ನಾನು ಹಗಲು ಪರರ ಅಂಗಡಿಯ ಲೆಕ್ಕ ಬರೆದು, ಸಂಜೆ ನನ್ನದೇ ಸಣ್ಣ ಡಿಟಿಪಿ ಅಂಗಡಿಯ ಬಾಗಿಲು ತೆರೆಯುತ್ತಿದ್ದೆ. ಊರಿಗೆ ಬಂದರೆ ಹಿರಿಯರದು ಒಂದೇ ಪ್ರಶ್ನೆ, ಕೆಲಸ ಖಾಯಂ ಆಯಿತೇ ಎಂದು. ಆ ದಿನಗಳಲ್ಲಿ ನನಗೆ ಧೈರ್ಯ ಕೊಟ್ಟದ್ದು ಡಿ.ವಿ. ಗುಂಡಪ್ಪನವರ ಜೀವನ.

1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿವಿಜಿ ಮೆಟ್ರಿಕ್ಯುಲೇಷನ್ ಪಾಸಾಗಲಿಲ್ಲ. ಸಂಸಾರ ಸಾಗಬೇಕಿತ್ತು. ಸೋಡಾ ಕಾರ್ಖಾನೆಯಲ್ಲಿ ದುಡಿದರು. ಬೆಂಗಳೂರಿಗೆ ಬಂದು ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಕಡೆ ಸೇರಿದರು. ಜಟಕಾ ಎಂದರೆ ಈಗಿನ ಮಕ್ಕಳಿಗೆ ತಿಳಿಯಲಿಕ್ಕಿಲ್ಲ. ಕುದುರೆ ಎಳೆಯುತ್ತಿದ್ದ ಅಂದಿನ ಆಟೋ ಅದು. ಮುಂದೆ ಇತರರ ಪತ್ರಿಕೆಗಳಿಗೆ ಬರೆಯುತ್ತ ಕಸುಬು ಕಲಿತರು. 1913ರಲ್ಲಿ, 26ರ ವಯಸ್ಸಿನಲ್ಲಿ, ‘ಕರ್ನಾಟಕ’ ಎಂಬ ಸ್ವಂತ ಪತ್ರಿಕೆ ಹೊರಡಿಸಿದರು. ಅದೂ ಇಂಗ್ಲಿಷಿನಲ್ಲಿ, ವಾರಕ್ಕೆರಡು ಬಾರಿ! ಮೆಟ್ರಿಕ್ ದಾಟದವರ ಇಂಗ್ಲಿಷನ್ನು ದಿವಾನರ ಕಾಲದ ಮೈಸೂರು ಸಂಸ್ಥಾನ ಓದಿತು.

‘ಮಂಕುತಿಮ್ಮನ ಕಗ್ಗ’ ಎಲ್ಲರಿಗೂ ಗೊತ್ತು, ಅದನ್ನು ಬಿಡುತ್ತೇನೆ. ಬಸವನಗುಡಿಯ ಕಡೆ ಹೋದಾಗ 1945ರಲ್ಲಿ ಅವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ನಮ್ಮ ಮಕ್ಕಳು ನೋಡಿ ಬರಲಿ. 1970ರ ಸನ್ಮಾನದಲ್ಲಿ ಕೊಟ್ಟ ಹಣವನ್ನು ಡಿವಿಜಿ ಆ ಸಂಸ್ಥೆಗೇ ಒಪ್ಪಿಸಿದರು.