ಹೊಸದುರ್ಗದ ಸೋಲು, ದೆಹಲಿಯ ಆರೋಪ: ಹಳಿ ತಪ್ಪಿದ ನಿಜಲಿಂಗಪ್ಪನವರ ರಾಜಕೀಯ

ಚಿತ್ರದುರ್ಗ: ದೊಡ್ಡ ರಾಜಕಾರಣಿ ಬಿದ್ದ ಅಂದರೆ ಜನ ಕೇಳೋದು ಎರಡೇ ಪ್ರಶ್ನೆ, ದುಡ್ಡಿನ ವಿಷಯವೋ ಹೆಣ್ಣಿನ ವಿಷಯವೋ ಅಂತ. ಎಸ್. ನಿಜಲಿಂಗಪ್ಪನವರ ಹೆಸರಿಗೆ ಎರಡೂ ಅಂಟಲಿಲ್ಲ. ಆದರೂ ಅವರ ರಾಜಕೀಯ ಎರಡು ಸಲ ಹಳಿ ತಪ್ಪಿತು. ಮೊದಲನೆಯದು ಇದೇ ಜಿಲ್ಲೆಯ ಹೊಸದುರ್ಗದಲ್ಲಿ.

ಹುಟ್ಟಿದ್ದು 1902ರ ಡಿಸೆಂಬರ್ 10ರಂದು, ಹರಪನಹಳ್ಳಿ ಸೀಮೆಯ ಹಲುವಾಗಲಿನಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜು, ಪುಣೆಯಲ್ಲಿ ಕಾನೂನು ಓದು, ಆಮೇಲೆ ಚಿತ್ರದುರ್ಗದಲ್ಲಿ ವಕೀಲಿ. 1939ರಲ್ಲಿ ತುರುವನೂರಿನ ಅರಣ್ಯ ಸತ್ಯಾಗ್ರಹ ನಡೆದಾಗ ಈಚಲು ಮರ ಕಡಿಸಿ ಜೈಲಿಗೆ ಹೋದರು. 1952ರ ಮೊದಲ ಚುನಾವಣೆಯಲ್ಲಿ ಚಿತ್ರದುರ್ಗದಿಂದಲೇ ಲೋಕಸಭೆಗೆ ಆಯ್ಕೆಯಾದರು. 1956ರ ನವೆಂಬರ್ 1ರಂದು ಕನ್ನಡದ ಸೀಮೆಗಳೆಲ್ಲ ಒಂದಾದಾಗ ಮುಖ್ಯಮಂತ್ರಿ ಕುರ್ಚಿಯಲ್ಲಿ ಕೂತವರು ಇವರೇ. ಒಂದೂವರೆ ವರ್ಷಕ್ಕೆ ಪಕ್ಷದೊಳಗಿನ ಗುಂಪು ಜಗಳ ಜೋರಾಗಿ 1958ರ ಮೇನಲ್ಲಿ ಕುರ್ಚಿ ಬಿ.ಡಿ. ಜತ್ತಿಯವರಿಗೆ ಹೋಯಿತು.

1962ರ ಚುನಾವಣೆ ಹೊತ್ತಿಗೆ ಮತ್ತೆ ಇವರೇ ಮುಖ್ಯಮಂತ್ರಿ ಅನ್ನೋ ಲೆಕ್ಕಾಚಾರ ಇತ್ತು. ನಿಂತಿದ್ದು ಹೊಸದುರ್ಗದಲ್ಲಿ. ಎದುರಿಗೆ ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪ. ರಾಜ್ಯದ 208 ಸ್ಥಾನಗಳಲ್ಲಿ ಕಾಂಗ್ರೆಸ್ 138 ಗೆದ್ದಿತು, ಹೊಸದುರ್ಗ ಮಾತ್ರ ಕೈಕೊಟ್ಟಿತು. ಪಕ್ಷ ಗೆದ್ದಿದೆ, ನಾಯಕ ಸೋತಿದ್ದಾರೆ! ವಿರೋಧಿಗಳ ಬಲಕ್ಕಿಂತ ಒಳಗಿನವರ ಏಟೇ ಜಾಸ್ತಿ ಬಿತ್ತು ಅಂತ ಜನ ಆಡಿಕೊಂಡರು. ಅದೇನೇ ಇರಲಿ, ಮುಖ್ಯಮಂತ್ರಿಯಾಗಿದ್ದವರನ್ನೂ ಮನೆಗೆ ಕಳಿಸಬಹುದು ಅಂತ ಹೊಸದುರ್ಗದ ಮತದಾರರು ತೋರಿಸಿಬಿಟ್ಟರು.

ಆಗ ಮುಖ್ಯಮಂತ್ರಿಯಾದವರು ಹುನಗುಂದದ ಎಸ್.ಆರ್. ಕಂಠಿ. ನಿಜಲಿಂಗಪ್ಪನವರಿಗೋಸ್ಕರ ಬಾಗಲಕೋಟೆಯ ಬಿ.ಟಿ. ಮುರನಾಳರು ಶಾಸಕ ಸ್ಥಾನ ಬಿಟ್ಟುಕೊಟ್ಟರು. ಅಲ್ಲಿ ಅವಿರೋಧ ಆಯ್ಕೆ. ಮೂರು ತಿಂಗಳಿಗೆ, 1962ರ ಜೂನ್‌ನಲ್ಲಿ, ಕಂಠಿಯವರು ಕುರ್ಚಿಯಿಂದ ಎದ್ದು ನಿಜಲಿಂಗಪ್ಪನವರನ್ನು ಕೂರಿಸಿದರು. ಕೂತ ಕುರ್ಚಿಯನ್ನು ತಕರಾರಿಲ್ಲದೆ ಬಿಡೋದು ಈಗಿನ ಕಾಲದಲ್ಲಿ ಕಥೆಯ ಹಾಗೆ ಕೇಳುತ್ತೆ. ಆಮೇಲೆ ಆರು ವರ್ಷ ಆಡಳಿತ. ಶರಾವತಿಯ ಕರೆಂಟು ಬಂದಿದ್ದು, ಆಲಮಟ್ಟಿಗೆ ಅಡಿಗಲ್ಲು ಬಿದ್ದಿದ್ದು ಆಗಲೇ.

1968ರಲ್ಲಿ ಅವರು ಅಖಿಲ ಭಾರತ ಕಾಂಗ್ರೆಸ್ ಅಧ್ಯಕ್ಷರಾದರು. ಎರಡನೇ ಪೆಟ್ಟಿಗೆ ದಾರಿಯಾಗಿದ್ದು ಇದೇ ಹುದ್ದೆ. 1969ರ ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ. ಅದೇ ವೇಳೆಗೆ ರಾಷ್ಟ್ರಪತಿ ಸ್ಥಾನಕ್ಕೆ ಪಕ್ಷ ನೀಲಂ ಸಂಜೀವ ರೆಡ್ಡಿಯವರ ಹೆಸರು ಆರಿಸಿತು. ಇಂದಿರಾ ಗಾಂಧಿಯವರಿಗೆ ಅದು ಬೇಡವಾಗಿತ್ತು. ರೆಡ್ಡಿಯವರಿಗೆ ಎರಡನೇ ಪ್ರಾಶಸ್ತ್ಯದ ಮತ ಕೊಡಿ ಅಂತ ನಿಜಲಿಂಗಪ್ಪ ಜನಸಂಘ, ಸ್ವತಂತ್ರ ಪಕ್ಷದವರ ಜೊತೆ ಮಾತಾಡಿದರು. ಇಂದಿರಾ ಕಡೆಯವರಿಗೆ ಇಷ್ಟೇ ಸಾಕಾಯಿತು. ಜಗಜೀವನ್ ರಾಂ, ಫಕ್ರುದ್ದೀನ್ ಅಲಿ ಅಹಮದ್ ಪತ್ರ ಬರೆದು ವಿವರಣೆ ಕೇಳಿದರು. ಪಕ್ಷದ ಅಧ್ಯಕ್ಷರೇ ವೈರಿಗಳ ಜೊತೆ ಒಳಗೊಳಗೇ ಕೈಜೋಡಿಸಿದ್ದಾರೆ ಅನ್ನೋ ಆರೋಪ ದೇಶವೆಲ್ಲ ಹಬ್ಬಿತು. ಮತ ಕೇಳೋದು ಚುನಾವಣೆಯಲ್ಲಿ ಅಪರಾಧವೇನಲ್ಲ. ಆದರೆ ಪಕ್ಷದೊಳಗೆ ಜಗಳ ಹೊತ್ತಿ ಉರಿಯುವಾಗ ಆ ಹೆಜ್ಜೆ ಇಟ್ಟಿದ್ದು ಅವರ ಲೆಕ್ಕದ ತಪ್ಪೇ.

ಆಗಸ್ಟ್‌ನಲ್ಲಿ ವಿ.ವಿ. ಗಿರಿ ಗೆದ್ದರು. ನವೆಂಬರ್ 12ರಂದು ನಿಜಲಿಂಗಪ್ಪನವರ ಕಾಂಗ್ರೆಸ್ ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿತು. ಕಾಂಗ್ರೆಸ್ ಎರಡು ಹೋಳಾಯಿತು. 1971ರ ಲೋಕಸಭೆ ಚುನಾವಣೆಯಲ್ಲಿ ರಾಜ್ಯದ 27ಕ್ಕೆ 27 ಸ್ಥಾನವೂ ಇಂದಿರಾ ಪಾಲಾದವು. ಚಿತ್ರದುರ್ಗವೂ ಅದರಲ್ಲಿ ಸೇರಿತ್ತು. ಮಾರನೇ ವರ್ಷ ದೇವರಾಜ ಅರಸರ ಕಾಲ ಶುರುವಾಯಿತು.

ನಿಜಲಿಂಗಪ್ಪ ಮತ್ತೆ ಅಧಿಕಾರದ ಕುರ್ಚಿಗೆ ಬರಲಿಲ್ಲ. ಚಿತ್ರದುರ್ಗದ ಮನೆಯಲ್ಲೇ ಉಳಿದರು, ಇಂಗ್ಲಿಷಿನಲ್ಲಿ ಆತ್ಮಕಥೆ ಬರೆದರು. 2000ದ ಆಗಸ್ಟ್ 8ರಂದು 97ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಸ್ಮಾರಕ ಊರಾಚೆ ಸೀಬಾರದ ಹತ್ತಿರ, ಹೆದ್ದಾರಿ ಪಕ್ಕದಲ್ಲೇ ಇದೆ.