ಕಾಲು ತಿಕ್ಕಿದವರ ಕಥೆ: ಓಟಗಾರ್ತಿ ವಿಲ್ಮಾ ರುಡಾಲ್ಫ್

ಈ ಸಲ ನಾನು ಅಮೆರಿಕದ ಒಬ್ಬ ಓಟಗಾರ್ತಿಯ ಜೀವನ ಬರೆಯುತ್ತಿದ್ದೇನೆ. ಯಾಕೆ ಬರೆಯುತ್ತಿದ್ದೇನೆ ಅಂತ ಮೊದಲು ಹೇಳಿಬಿಡ್ತೀನಿ.

ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ನಮ್ಮ ಹುಡುಗಿಯರ ರಿಲೇ ಏನಾಯ್ತು ಅಂತ ನಿಮಗೆಲ್ಲ ಗೊತ್ತೇ ಇದೆ. ಮೂರನೆಯವಳ ಕೈಯಿಂದ ನನ್ನ ಕೈಗೆ ಬರಬೇಕಾಗಿದ್ದ ಕೋಲು ಮಣ್ಣಿಗೆ ಬಿತ್ತು. ನಾನು ಓಡಲಿಲ್ಲ. ಅಷ್ಟು ಜನರ ಮುಂದೆ ಅವಳನ್ನು ಬೈಯುತ್ತಾ ನಿಂತುಬಿಟ್ಟೆ. ಆವತ್ತಿನಿಂದ ಹದಿನೈದು ದಿನ ಅವಳ ಜೊತೆ ಟೂ ಬಿಟ್ಟಿದ್ದೆ.

ನನ್ನ ಪಕ್ಕದಲ್ಲಿ ಕೂರುವ ಇನ್ನೊಬ್ಬ ಗೆಳತಿ ಇದ್ದಾಳೆ. ಹುಟ್ಟಿದಾಗಿನಿಂದ ಅವಳ ಒಂದು ಕಾಲು ಸಣ್ಣ. ನಾವು ಆಡುವಾಗ ಅವಳು ಬೇವಿನ ಮರದ ಕೆಳಗೆ ನಮ್ಮ ಚಪ್ಪಲಿ ಕಾಯುತ್ತಾಳೆ. ಪ್ರಾರ್ಥನೆಯ ಹೊತ್ತಿನಲ್ಲಿ ನಮ್ಮ ಮೇಷ್ಟ್ರು ವಿಲ್ಮಾ ರುಡಾಲ್ಫ್ ಕಥೆ ಹೇಳಿದ ದಿನ ನಾನು ಸಂತೋಷದಿಂದ ಅವಳ ಹತ್ತಿರ ಹೋಗಿ, ನೋಡು, ಮನಸ್ಸು ಮಾಡಿದರೆ ನೀನೂ ಓಡಬಹುದು ಅಂದೆ. ಅವಳ ಮುಖ ಸಪ್ಪಗಾಯಿತು. ತನ್ನ ಕಾಲು ಕಥೆ ಕೇಳಿ ನೆಟ್ಟಗಾಗುವುದಿಲ್ಲ, ಬಂದವರೆಲ್ಲ ಇದನ್ನೇ ಹೇಳ್ತಾರೆ ಅಂದಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು. ಆ ಹುಡುಗಿಯ ಕಾಲು ತಾನಾಗೇ ಸರಿಹೋಯಿತಾ? ತಿಕ್ಕಿದವರು ಯಾರು?

ನನಗೆ ಉತ್ತರ ಗೊತ್ತಿರಲಿಲ್ಲ. ಮೇಷ್ಟ್ರನ್ನು ಕೇಳಿ, ಪುಸ್ತಕ ಹುಡುಕಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ವಿಲ್ಮಾ ಹುಟ್ಟಿದ್ದು 1940ರ ಜೂನ್ 23ರಂದು, ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು, ತೂಕ ಸುಮಾರು ಎರಡು ಕೆ.ಜಿ. ಅಷ್ಟೆ. ಅಪ್ಪ ಎಡ್ ರುಡಾಲ್ಫ್ ರೈಲ್ವೆಯಲ್ಲಿ ಹಮಾಲಿ ಕೆಲಸ ಮಾಡುತ್ತಿದ್ದರು. ಅಮ್ಮ ಬ್ಲಾಂಚ್ ಬಿಳಿಯರ ಮನೆಗಳಲ್ಲಿ ಮನೆಗೆಲಸ ಮಾಡುತ್ತಿದ್ದರು. ಅಪ್ಪನ ಎರಡು ಮದುವೆಗಳಿಂದ ಒಟ್ಟು 22 ಮಕ್ಕಳು. ಅವರಲ್ಲಿ ವಿಲ್ಮಾ ಇಪ್ಪತ್ತನೆಯವಳು! ಕ್ಲಾರ್ಕ್ಸ್‌ವಿಲ್ ಎಂಬ ಊರಿನಲ್ಲಿ ಅವಳು ಬೆಳೆದಳು.

ಚಿಕ್ಕಂದಿನಲ್ಲಿ ಅವಳಿಗೆ ಒಂದರ ಮೇಲೊಂದು ಕಾಯಿಲೆ. ನ್ಯುಮೋನಿಯಾ ಬಂತು, ಮೈಯೆಲ್ಲ ಕೆಂಪಾಗುವ ಸ್ಕಾರ್ಲೆಟ್ ಜ್ವರ ಬಂತು. ಐದು ವರ್ಷದ ಹೊತ್ತಿಗೆ ಪೋಲಿಯೊ ಬಂತು. ಪೋಲಿಯೊ ರೋಗಾಣು ಬೆನ್ನುಹುರಿಯ ನರಗಳನ್ನು ಕೆಡಿಸುತ್ತದೆ. ನರ ಹೋದರೆ ಮಾಂಸಖಂಡಕ್ಕೆ ಅಪ್ಪಣೆ ತಲುಪುವುದಿಲ್ಲ, ಕಾಲು ಸೊರಗುತ್ತದೆ. ವಿಲ್ಮಾಳ ಎಡಗಾಲು ಶಕ್ತಿ ಕಳೆದುಕೊಂಡಿತು. ಆಗ ಪೋಲಿಯೊಗೆ ಲಸಿಕೆ ಇರಲಿಲ್ಲ. ಅಮೆರಿಕದಲ್ಲಿ ಲಸಿಕೆ ಬಂದದ್ದು 1955ರಲ್ಲಿ. ನಮ್ಮ ದೇಶ ಪೋಲಿಯೊ ಮುಕ್ತ ಅಂತ ಘೋಷಣೆಯಾದದ್ದು 2014ರಲ್ಲಿ.

ಇನ್ನೊಂದು ಕಷ್ಟವೂ ಇತ್ತು. ವಿಲ್ಮಾ ಕಪ್ಪು ಜನಾಂಗದವಳು. ಆ ಕಾಲದಲ್ಲಿ ಅಲ್ಲಿ ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ಆಸ್ಪತ್ರೆ. ಬಸ್ಸಿನಲ್ಲಿ ಹಿಂದಿನ ಸೀಟು. ಅವರಿಗೆ ಚಿಕಿತ್ಸೆ ಕೊಡುವ ದೊಡ್ಡ ಆಸ್ಪತ್ರೆ ಇದ್ದದ್ದು ಸುಮಾರು 80 ಕಿ.ಮೀ. ದೂರದ ನ್ಯಾಶ್‌ವಿಲ್‌ನಲ್ಲಿ, ಮೆಹ್ಯಾರಿ ವೈದ್ಯಕೀಯ ಕಾಲೇಜಿನಲ್ಲಿ. ಅಮ್ಮ ಪ್ರತಿ ವಾರ ಮಗಳನ್ನು ಕರೆದುಕೊಂಡು ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಹೀಗೆ ಒಂದು ವಾರ ಎರಡು ವಾರ ಅಲ್ಲ, ಎರಡು ವರ್ಷ!

ನನ್ನ ಗೆಳತಿ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿ ಸಿಕ್ಕಿತು. ದಿನಾಲೂ ಕಾಲು ತಿಕ್ಕಬೇಕು ಅಂತ ಡಾಕ್ಟರು ಹೇಳಿದ್ದರು. ಕೂಲಿಗೆ ಹೋಗುವ ತಾಯಿ ಒಬ್ಬರೇ ಎಷ್ಟು ಅಂತ ಮಾಡುತ್ತಾರೆ? ಅದಕ್ಕೆ ಮನೆಯವರೆಲ್ಲ ತಿಕ್ಕುವುದನ್ನು ಕಲಿತರು. ಅಕ್ಕಂದಿರು, ಅಣ್ಣಂದಿರು ಸರದಿ ಹಾಕಿಕೊಂಡರು. ದಿನಕ್ಕೆ ನಾಲ್ಕು ಸಲ. ಅವರಿಗೂ ಆಟ ಇತ್ತು, ಪಾಠ ಇತ್ತು. ನಮ್ಮ ಮನೆಯಲ್ಲಿ ಅಜ್ಜಿ ಒಂದು ಸಲ ಕಾಲು ಒತ್ತು ಅಂದರೆ ನಾನು ಓದೋದಿದೆ ಅಂತ ಎದ್ದು ಹೋಗ್ತೀನಿ. ಇದನ್ನು ಬರೆಯುವಾಗ ನನಗೇ ನಾಚಿಕೆ ಆಯಿತು.

ವಿಲ್ಮಾ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ನಡೆಯಬೇಕಾಗಿತ್ತು. ಕಾಯಿಲೆಯಿಂದಾಗಿ ಶಾಲೆಗೆ ಸೇರಿದ್ದೇ ಏಳನೇ ವಯಸ್ಸಿನಲ್ಲಿ. ಮಕ್ಕಳು ಅಣಕಿಸುತ್ತಿದ್ದರು. ಮನೆಯಲ್ಲಿ ಯಾರೂ ಇಲ್ಲದಾಗ ಅವಳು ಪಟ್ಟಿ ಬಿಚ್ಚಿಟ್ಟು ನಡೆದು ನೋಡುತ್ತಿದ್ದಳು. ಒಂದು ಭಾನುವಾರ ಪಟ್ಟಿ ಇಲ್ಲದೆಯೇ ಚರ್ಚಿನೊಳಗೆ ನಡೆದು ಬಂದಳು. ಊರಿನವರು ಬೆರಗಾಗಿ ನೋಡಿದರು. ಪೂರ್ತಿಯಾಗಿ ಪಟ್ಟಿ ಬಿಡುವ ಹೊತ್ತಿಗೆ ಅವಳಿಗೆ 12 ವರ್ಷ ಆಗಿತ್ತು.

ಇಲ್ಲಿ ಒಂದು ಮಾತು. ವಿಲ್ಮಾಳ ನರಗಳು ಪೂರ್ತಿ ಸತ್ತಿರಲಿಲ್ಲ. ಉಳಿದದ್ದನ್ನು ಗಟ್ಟಿ ಮಾಡಲು ಅಷ್ಟು ಜನರ ಕೈ ಬೇಕಾಯಿತು. ಎಲ್ಲರ ಕಾಲೂ ಹಾಗೆ ಸರಿಹೋಗುವುದಿಲ್ಲ. ಸರಿಹೋಗದವರು ಮನಸ್ಸು ಮಾಡಲಿಲ್ಲ ಅಂತ ಅರ್ಥ ಅಲ್ಲ. ನನ್ನ ಗೆಳತಿಗೆ ನಾನು ಅವತ್ತು ಹೇಳಿದ್ದು ತಪ್ಪು.

ಪಟ್ಟಿ ಬಿಟ್ಟ ಮೇಲೆ ವಿಲ್ಮಾ ಅಣ್ಣಂದಿರ ಜೊತೆ ಮನೆಯಂಗಳದಲ್ಲಿ ಬಾಸ್ಕೆಟ್‌ಬಾಲ್ ಆಡಿದಳು. ಅಕ್ಕ ಇವಾನ್ ಆಗಲೇ ಶಾಲೆಯ ತಂಡದಲ್ಲಿದ್ದಳು. ತಂಗಿಯನ್ನೂ ಸೇರಿಸಿಕೊಂಡರೆ ಮಾತ್ರ ಅಕ್ಕನನ್ನು ಕಳಿಸ್ತೀನಿ ಅಂತ ಅಪ್ಪ ಪಟ್ಟು ಹಿಡಿದರು. ಹೀಗೆ ಅಕ್ಕನ ಬೆನ್ನು ಹಿಡಿದು ತಂಗಿ ತಂಡಕ್ಕೆ ಬಂದಳು! ಬಹಳ ಕಾಲ ಅವಳಿಗೆ ಬೆಂಚಿನ ಮೇಲೆ ಕೂರುವುದೇ ಕೆಲಸ. ಆಡಿಸಿ ಆಡಿಸಿ ಅಂತ ಕೋಚ್ ಕ್ಲಿಂಟನ್ ಗ್ರೇ ಅವರ ಸುತ್ತ ಗುಂಯ್‌ಗುಡುತ್ತಿದ್ದಳು. ಅದಕ್ಕೆ ಅವರು ಅವಳಿಗೆ ಸೊಳ್ಳೆ ಅಂತ ಹೆಸರಿಟ್ಟರು. ಅದೇ ಸೊಳ್ಳೆ ಮುಂದೆ 25 ಪಂದ್ಯಗಳಲ್ಲಿ 803 ಅಂಕ ಗಳಿಸಿತು.

ಟೆನೆಸ್ಸಿ ವಿಶ್ವವಿದ್ಯಾಲಯವೊಂದರ ಓಟದ ಕೋಚ್ ಎಡ್ ಟೆಂಪಲ್ ಅವಳ ಉದ್ದ ಕಾಲು ನೋಡಿ ಬೇಸಿಗೆ ತರಬೇತಿಗೆ ಕರೆದರು. ಅವರ ಹುಡುಗಿಯರ ತಂಡಕ್ಕೆ ಟೈಗರ್‌ಬೆಲ್ಸ್ ಅಂತ ಹೆಸರು. ಅಲ್ಲಿದ್ದದ್ದು ನಮ್ಮ ಶಾಲೆಯ ಮೈದಾನದ ಹಾಗೆ ಮಣ್ಣಿನ ಟ್ರ್ಯಾಕು. ಶಿಸ್ತು ಬಹಳ. ಒಂದು ದಿನ ವಿಲ್ಮಾ ನಿದ್ದೆ ಮಾಡಿ ಅರ್ಧ ಗಂಟೆ ತಡವಾಗಿ ಬಂದಳಂತೆ. ನಿಮಿಷಕ್ಕೆ ಒಂದರಂತೆ 30 ಸುತ್ತು ಓಡಿಸಿದರಂತೆ. ನಮ್ಮ ಪಿ.ಟಿ. ಮೇಷ್ಟ್ರು ಇದನ್ನು ಓದದಿದ್ದರೆ ಒಳ್ಳೇದು!

ಆ ತಂಡದ ಹಿರಿಯ ಓಟಗಾರ್ತಿ ಮೇ ಫ್ಯಾಗ್ಸ್. ಅವಳು ಆಗಲೇ ಎರಡು ಒಲಿಂಪಿಕ್ಸ್ ನೋಡಿದವಳು. ಇವಳು ನನಗೆ ಪೈಪೋಟಿ ಅಂತ ದೂರ ಇಡಬಹುದಾಗಿತ್ತು. ಆದರೆ ಹೆದರುತ್ತಿದ್ದ ವಿಲ್ಮಾಳನ್ನು ತಂಗಿಯ ಹಾಗೆ ಜೊತೆಗಿಟ್ಟುಕೊಂಡಳು. 1956ರಲ್ಲಿ ಇಬ್ಬರೂ ಮೆಲ್ಬೋರ್ನ್ ಒಲಿಂಪಿಕ್ಸ್‌ಗೆ ಹೋದರು. 16 ವರ್ಷದ ವಿಲ್ಮಾ 200 ಮೀಟರ್ ಓಟದ ಮೊದಲ ಹಂತದಲ್ಲೇ ಸೋತಳು. ಆದರೆ 4×100 ಮೀಟರ್ ರಿಲೇಯಲ್ಲಿ ಮೇ ಫ್ಯಾಗ್ಸ್, ಮಾರ್ಗರೆಟ್ ಮ್ಯಾಥ್ಯೂಸ್, ಇಸಬೆಲ್ ಡೇನಿಯಲ್ಸ್ ಜೊತೆ ಓಡಿ ಕಂಚಿನ ಪದಕ ತಂದಳು.

1958ರಲ್ಲಿ ವಿಲ್ಮಾ ಒಂದು ಹೆಣ್ಣು ಮಗುವಿನ ತಾಯಿಯಾದಳು. ತಾಯಂದಿರಿಗೆ ತಂಡದಲ್ಲಿ ಜಾಗ ಇಲ್ಲ ಅನ್ನುವುದು ಟೆಂಪಲ್ ಅವರ ನಿಯಮ. ಆದರೂ ಅವರು ಅವಳನ್ನು ಮತ್ತೆ ಸೇರಿಸಿಕೊಂಡರು. ಮಗುವನ್ನು ಮನೆಯವರು ನೋಡಿಕೊಂಡರು. ಚಿಕ್ಕಂದಿನಲ್ಲಿ ಕಾಲು ತಿಕ್ಕಿದ ಕೈಗಳೇ ಈಗ ತೊಟ್ಟಿಲು ತೂಗಿದವು.

1960ರಲ್ಲಿ ರೋಮ್ ಒಲಿಂಪಿಕ್ಸ್. 100 ಮೀಟರ್ ಓಟಕ್ಕೆ ಮುಂಚೆ ವಿಲ್ಮಾಳ ಪಾದ ಮೈದಾನದ ಗುಂಡಿಯೊಂದಕ್ಕೆ ಸಿಕ್ಕಿ ಉಳುಕಿತು. ಪಟ್ಟಿ ಸುತ್ತಿಕೊಂಡು ಓಡಿದಳು. ಸೆಮಿಫೈನಲ್‌ನಲ್ಲಿ 11.3 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆಯನ್ನು ಸರಿಗಟ್ಟಿದಳು. ಫೈನಲ್‌ನಲ್ಲಿ 11.0 ಸೆಕೆಂಡ್, ಚಿನ್ನ! ಬೆನ್ನ ಹಿಂದಿನಿಂದ ಗಾಳಿ ಹೆಚ್ಚಾಗಿ ಬೀಸುತ್ತಿದ್ದುದರಿಂದ ಅದನ್ನು ದಾಖಲೆ ಅಂತ ಒಪ್ಪಲಿಲ್ಲ. ಮೂರು ದಿನದ ನಂತರ 200 ಮೀಟರ್‌ನಲ್ಲಿ 24.0 ಸೆಕೆಂಡ್, ಎರಡನೇ ಚಿನ್ನ. ನಮ್ಮ ಮಿಲ್ಖಾ ಸಿಂಗ್ 400 ಮೀಟರ್‌ನಲ್ಲಿ ನಾಲ್ಕನೆಯವರಾಗಿ ಬಂದದ್ದೂ ಇದೇ ಒಲಿಂಪಿಕ್ಸ್‌ನಲ್ಲಿ.

ಆಮೇಲೆ ರಿಲೇ ಫೈನಲ್. ತಂಡದಲ್ಲಿ ಮಾರ್ಥಾ ಹಡ್ಸನ್, ಲುಸಿಂಡಾ ವಿಲಿಯಮ್ಸ್, ಬಾರ್ಬರಾ ಜೋನ್ಸ್, ಕೊನೆಗೆ ಓಡುವವಳು ವಿಲ್ಮಾ. ನಾಲ್ವರೂ ಟೈಗರ್‌ಬೆಲ್ಸ್ ಗೆಳತಿಯರೇ. ಸೆಮಿಫೈನಲ್‌ನಲ್ಲಿ 44.4 ಸೆಕೆಂಡಿನ ವಿಶ್ವದಾಖಲೆ ಮಾಡಿದ್ದರು. ಫೈನಲ್‌ನಲ್ಲಿ ಮೂರನೆಯವಳು ಓಡಿ ಬಂದು ಕೋಲು ಚಾಚಿದಳು. ವಿಲ್ಮಾಳ ಕೈಗೆ ಅದು ಸರಿಯಾಗಿ ಸಿಗಲಿಲ್ಲ! ಹಿಡಿತ ತಪ್ಪಿತು. ಓಟದ ವೇಗ ಕಳೆದುಕೊಂಡು ಹಿಡಿದುಕೊಳ್ಳಬೇಕಾಯಿತು. ಅಷ್ಟರಲ್ಲಿ ಜರ್ಮನಿಯವಳು ಮುಂದೆ ಹೋಗಿಬಿಟ್ಟಳು.

ಇದನ್ನು ಓದುವಾಗ ನನಗೆ ನಮ್ಮ ಹೋಬಳಿ ಮೈದಾನವೇ ಕಣ್ಣ ಮುಂದೆ ಬಂತು. ಅಲ್ಲೂ ಮೂರನೆಯವಳಿಂದ ನಾಲ್ಕನೆಯವಳಿಗೆ, ಇಲ್ಲೂ ಮೂರನೆಯವಳಿಂದ ನಾಲ್ಕನೆಯವಳಿಗೆ. ವಿಲ್ಮಾ ಯಾರ ತಪ್ಪು ಅಂತ ನೋಡುತ್ತಾ ನಿಲ್ಲಲಿಲ್ಲ. ಕೋಲನ್ನು ಭದ್ರ ಮಾಡಿಕೊಂಡು ಓಡಿದಳು. ಜರ್ಮನಿಯವಳನ್ನು ಹಿಡಿದಳು, ದಾಟಿದಳು. 44.5 ಸೆಕೆಂಡ್, ಮೂರನೇ ಚಿನ್ನ! ಒಂದೇ ಒಲಿಂಪಿಕ್ಸ್‌ನ ಓಟಗಳಲ್ಲಿ ಮೂರು ಚಿನ್ನ ಗೆದ್ದ ಮೊದಲ ಅಮೆರಿಕನ್ ಮಹಿಳೆ ಅವಳೇ. ಅವತ್ತು ಅವಳು ನನ್ನ ಹಾಗೆ ನಿಂತಿದ್ದರೆ ನಾಲ್ವರಿಗೂ ಚಿನ್ನ ತಪ್ಪುತ್ತಿತ್ತು.

ಅಮೆರಿಕಕ್ಕೆ ವಾಪಸಾದಾಗ ಕ್ಲಾರ್ಕ್ಸ್‌ವಿಲ್‌ನಲ್ಲಿ ಮೆರವಣಿಗೆ, ಸನ್ಮಾನದ ಊಟ ಏರ್ಪಾಡಾಯಿತು. ಆ ಊರಿನಲ್ಲಿ ಬಿಳಿಯರು, ಕಪ್ಪು ಜನ ಬೇರೆ ಬೇರೆ ಕೂರುವುದು ರೂಢಿ. ಹಾಗೆ ಮಾಡುವುದಾದರೆ ನಾನು ಬರುವುದೇ ಇಲ್ಲ ಅಂತ 20 ವರ್ಷದ ವಿಲ್ಮಾ ಹಟ ಹಿಡಿದಳು. 1960ರ ಅಕ್ಟೋಬರ್ 4ರಂದು ಆ ಊರಿನ ಚರಿತ್ರೆಯಲ್ಲೇ ಮೊದಲ ಸಲ ಎಲ್ಲರೂ ಒಟ್ಟಿಗೆ ಸೇರಿದ ಸಾರ್ವಜನಿಕ ಸಮಾರಂಭ ನಡೆಯಿತು. ನನ್ನ ಪ್ರಕಾರ ಇದು ನಾಲ್ಕನೇ ಚಿನ್ನ.

1962ರಲ್ಲಿ ಓಟ ನಿಲ್ಲಿಸಿದಳು. 1963ರಲ್ಲಿ ಪದವಿ ಮುಗಿಸಿ, ತಾನು ಓದಿದ ಪ್ರಾಥಮಿಕ ಶಾಲೆಗೇ ಟೀಚರಾಗಿ ಬಂದಳು. ಟೀಚರ್ ಅಂದ ಮೇಲೆ ಬಂದರು ಅನ್ನಬೇಕು! ಮಕ್ಕಳಿಗೆ ಓಟ ಕಲಿಸಿದರು. 1981ರಲ್ಲಿ ಬಡ ಮಕ್ಕಳ ಕ್ರೀಡೆಗಾಗಿ ಒಂದು ಸಂಸ್ಥೆ ಕಟ್ಟಿದರು. 1994ರ ನವೆಂಬರ್ 12ರಂದು ಮೆದುಳಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಅವರಿಗೆ ಇನ್ನೂ 54 ವರ್ಷ.

ಇದಿಷ್ಟನ್ನೂ ನನ್ನ ಗೆಳತಿಗೆ ಓದಿ ಹೇಳಿದೆ. ಜೊತೆಗೆ ಇನ್ನೊಂದು ಸಂಗತಿಯನ್ನೂ ಹೇಳಿದೆ. 1960ರಲ್ಲಿ ಒಲಿಂಪಿಕ್ಸ್ ಮುಗಿದ ಒಂದು ವಾರಕ್ಕೆ ಅದೇ ರೋಮ್‌ನಲ್ಲಿ ಇನ್ನೊಂದು ಕ್ರೀಡಾಕೂಟ ಶುರುವಾಯಿತು. ಸುಮಾರು 400 ಮಂದಿ ಗಾಲಿಕುರ್ಚಿಯಲ್ಲಿ ಬಂದು ಆಡಿದರು. ಅದನ್ನೇ ಮೊದಲ ಪ್ಯಾರಾಲಿಂಪಿಕ್ಸ್ ಅಂತ ಲೆಕ್ಕ ಹಾಕುತ್ತಾರೆ. ಅವರ ಯಾರ ಕಾಲೂ ಸರಿಹೋಗಿರಲಿಲ್ಲ. ಆದರೂ ಆಡಿದರು. 2012ರಲ್ಲಿ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದದ್ದು ನಮ್ಮ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ. ಅವರಿಗೂ ಹುಟ್ಟಿನಿಂದಲೇ ಒಂದು ಕಾಲಿನ ತೊಂದರೆ. ಇದನ್ನು ಕೇಳಿ ಅವಳು ಏನೂ ಹೇಳಲಿಲ್ಲ. ಸುಮ್ಮನೆ ಇನ್ನೊಂದು ಸಲ ಓದು ಅಂದಳು.

ಮರುದಿನ ನಾನು ನಮ್ಮ ಮೂರನೇ ಓಟಗಾರ್ತಿಯ ಮನೆಗೆ ಹೋಗಿ ತಪ್ಪಾಯ್ತು ಅಂದೆ. ಅವಳು ಅತ್ತಳು, ನಾನೂ ಅತ್ತೆ. ಅವಳ ಅಮ್ಮ ಇಬ್ಬರಿಗೂ ಮಜ್ಜಿಗೆ ಕೊಟ್ಟರು. ಈಗ ದಿನಾ ಸಂಜೆ ಕೋಲು ಬದಲಾಯಿಸುವುದನ್ನೇ ಅಭ್ಯಾಸ ಮಾಡುತ್ತಿದ್ದೇವೆ. ಬೇವಿನ ಮರದ ಕೆಳಗಿದ್ದ ಗೆಳತಿ ಈಗ ಸುಣ್ಣದ ಗೆರೆಯ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ನಾನು ಯಾವಾಗ ಓಟ ಶುರು ಮಾಡಬೇಕು ಅಂತ ಚಪ್ಪಾಳೆ ತಟ್ಟಿ ಹೇಳುವವಳು ಅವಳೇ. ನಾನು ಎರಡು ಹೆಜ್ಜೆ ಮೊದಲೇ ಓಡಿಬಿಡ್ತೀನಿ, ಅದಕ್ಕೇ ಅವತ್ತು ಕೋಲು ಬಿದ್ದದ್ದು ಅಂತ ಕಂಡುಹಿಡಿದವಳೂ ಅವಳೇ. ಅಂದರೆ ತಪ್ಪು ನನ್ನದೇ ಆಗಿತ್ತು! ಅವಳದು ಒಂದೇ ಷರತ್ತು, ಇನ್ನು ಮೇಲೆ ಚಪ್ಪಲಿ ಕಾಯುವುದಿಲ್ಲ.

ಗೆಳೆಯರೇ, ಗೆದ್ದವರ ಕಾಲನ್ನು ಎಲ್ಲರೂ ನೋಡುತ್ತಾರೆ. ತಿಕ್ಕಿದ ಕೈಗಳನ್ನೂ ನೋಡೋಣ. ನಮ್ಮ ತರಗತಿಯಲ್ಲಿ ಯಾರನ್ನೂ ಅವರ ಕಾಲಿನ ಹೆಸರು ಹಿಡಿದು ಕರೆಯುವುದು ಬೇಡ. ಅವರಿಗೂ ಒಳ್ಳೆಯ ಹೆಸರಿದೆ. ಮತ್ತೆ ನಿಮ್ಮ ಚಪ್ಪಲಿ ನೀವೇ ಕಾದುಕೊಳ್ಳಿ.

ತಪ್ಪಿದ್ದರೆ ಗುರುಗಳು ಕ್ಷಮಿಸಬೇಕು.

– 9ನೇ ತರಗತಿಯ ಒಬ್ಬ ವಿದ್ಯಾರ್ಥಿನಿ