ಶಾಖವನ್ನು ಅಳೆದ ಜೌಲ್

ಮನೆಗೆ ಬರುವ ವಿದ್ಯುತ್ತಿನ ಬಿಲ್ಲಿನಲ್ಲಿ ‘ಯೂನಿಟ್’ ಎಂಬ ಮಾತನ್ನು ನೀವೆಲ್ಲರೂ ಕಂಡಿರುವಿರಿ. ಒಂದು ಯೂನಿಟ್ ಎಂದರೆ 36 ಲಕ್ಷ ಜೌಲ್ ಶಕ್ತಿ. ಹೀಗೆ ಶಕ್ತಿಯ ಅಳತೆಗೇ ತನ್ನ ಹೆಸರನ್ನು ಬಿಟ್ಟುಹೋದ ಜೇಮ್ಸ್ ಪ್ರೆಸ್ಕಾಟ್ ಜೌಲನು ಯಾವ ವಿಶ್ವವಿದ್ಯಾಲಯದ ಪ್ರಾಧ್ಯಾಪಕನೂ ಆಗಿರಲಿಲ್ಲ.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರಕ್ಕೆ ಹೊಂದಿಕೊಂಡಿರುವ ಸಾಲ್ಫರ್ಡ್ ಎಂಬ ಊರಿನಲ್ಲಿ 1818ನೆಯ ಡಿಸೆಂಬರ್ 24ರಂದು ಜೌಲನು ಜನಿಸಿದನು. ತಂದೆಯದು ಬಾರ್ಲಿಯಿಂದ ಮದ್ಯ ತಯಾರಿಸುವ ಉದ್ಯಮ. ಬಾಲ್ಯದಲ್ಲಿ ದುರ್ಬಲನಾಗಿದ್ದ ಜೌಲನಿಗೆ ಮನೆಯಲ್ಲಿಯೇ ಪಾಠವಾಯಿತು. ಮುಂದೆ ಅವನೂ ಅವನ ಅಣ್ಣನೂ ಪರಮಾಣು ಸಿದ್ಧಾಂತದಿಂದ ಪ್ರಸಿದ್ಧನಾದ ಜಾನ್ ಡಾಲ್ಟನ್‌ನ ಶಿಷ್ಯರಾದರು. ನಿಖರವಾಗಿ ಅಳೆಯಬೇಕೆಂಬ ಹಂಬಲ ಜೌಲನಲ್ಲಿ ಬೇರೂರಿತು.

ಆವಿಯಂತ್ರಕ್ಕೆ ಬದಲಾಗಿ ವಿದ್ಯುತ್ ಮೋಟಾರನ್ನು ಬಳಸಿದರೆ ಖರ್ಚು ಕಡಿಮೆಯಾದೀತೆ? ಉದ್ಯಮಿಯ ಮಗನಿಗೆ ಸಹಜವಾದ ಈ ಪ್ರಶ್ನೆಯಿಂದಲೇ ಅವನ ಸಂಶೋಧನೆ ಮೊದಲಾಯಿತು. ತಂತಿಯ ಸುರುಳಿಯನ್ನು ನೀರಿನಲ್ಲಿ ಮುಳುಗಿಸಿ, ಅದರಲ್ಲಿ ವಿದ್ಯುತ್ತನ್ನು ಹರಿಸಿ, ನೀರು ಎಷ್ಟು ಬಿಸಿಯಾಯಿತೆಂದು ಅವನು ಉಷ್ಣಮಾಪಕದಿಂದ ಅಳೆದನು. 1840ರಲ್ಲಿ ನಿಯಮವೊಂದು ಹೊಳೆಯಿತು: ತಂತಿಯಲ್ಲಿ ಹುಟ್ಟುವ ಶಾಖವು ಅದರ ರೋಧಕ್ಕೂ ವಿದ್ಯುತ್ ಪ್ರವಾಹದ ವರ್ಗಕ್ಕೂ ಅನುಗುಣವಾಗಿರುತ್ತದೆ. ಪ್ರವಾಹ ಎರಡರಷ್ಟಾದರೆ ಶಾಖ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು!

ಲಂಡನ್ನಿನ ರಾಯಲ್ ಸೊಸೈಟಿಯು ಈ ಪ್ರಬಂಧದ ಸಾರಾಂಶವನ್ನು ಮಾತ್ರ ಅಚ್ಚುಹಾಕಿತು. ಯಂತ್ರಕಾರ್ಯವೂ ಶಾಖವೂ ಒಂದೇ ಶಕ್ತಿಯ ಎರಡು ರೂಪಗಳೆಂದು ಅವನು 1843ರಲ್ಲಿ ಸಾರಿದಾಗ ವಿದ್ವಾಂಸರ ಸಭೆ ಮೌನವಾಗಿತ್ತು. ಜೌಲನು ಎದೆಗುಂದಲಿಲ್ಲ. ಇಳಿಯುವ ತೂಕಗಳಿಂದ ನೀರಿನೊಳಗಿನ ಚಕ್ರವನ್ನು ತಿರುಗಿಸಿ, ನೀರು ಬಿಸಿಯಾಗುವುದನ್ನು ಮತ್ತೆ ಮತ್ತೆ ಅಳೆದನು. 1847ರಲ್ಲಿ ಆಕ್ಸ್‌ಫರ್ಡ್‌ನ ಸಭೆಯಲ್ಲಿ ವಿಲಿಯಂ ಥಾಮ್ಸನ್ ಎಂಬ ತರುಣ ವಿಜ್ಞಾನಿಯು ಇದರ ಮಹತ್ವವನ್ನು ಗುರುತಿಸಿದನು. 1850ರಲ್ಲಿ ರಾಯಲ್ ಸೊಸೈಟಿಯೇ ಅವನನ್ನು ಸದಸ್ಯನನ್ನಾಗಿ ಆರಿಸಿಕೊಂಡಿತು.

ಜೌಲನ ನಿಯಮವು ಇಂದು ನಮ್ಮ ಮನೆಗಳಲ್ಲಿ ಸೇವಕನೂ ಹೌದು, ಎಚ್ಚರ ತಪ್ಪಿದರೆ ಶತ್ರುವೂ ಹೌದು. ಇಸ್ತ್ರಿಪೆಟ್ಟಿಗೆಯ ಸುರುಳಿಗೆ ರೋಧ ಹೆಚ್ಚು. ಅದು ಕಾದು ಬಟ್ಟೆಯ ಸುಕ್ಕನ್ನು ತೆಗೆಯುತ್ತದೆ. ಗೋಡೆಯೊಳಗಿನ ತಾಮ್ರದ ತಂತಿಗೆ ರೋಧ ಕಡಿಮೆ; ಅದು ತಣ್ಣಗಿರಬೇಕು. 230 ವೋಲ್ಟಿನಲ್ಲಿ 1000 ವಾಟ್‌ನ ಇಸ್ತ್ರಿಪೆಟ್ಟಿಗೆಗೆ ನಾಲ್ಕು ಆಂಪಿಯರಿಗಿಂತ ತುಸು ಹೆಚ್ಚು ಪ್ರವಾಹ ಸಾಕು; 2000 ವಾಟ್‌ನ ಗೀಸರಿಗೆ ಸುಮಾರು ಒಂಬತ್ತು ಆಂಪಿಯರ್ ಬೇಕು. ಆದುದರಿಂದ ಗೀಸರನ್ನು 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಜೋಡಿಸದೆ, ದಪ್ಪ ತಂತಿಯುಳ್ಳ 16 ಆಂಪಿಯರಿನ ಸಾಕೆಟ್ಟಿಗೆ ಜೋಡಿಸಬೇಕು. ಒಂದೇ ಸಾಕೆಟ್ಟಿಗೆ ಹಲವು ಉಪಕರಣಗಳನ್ನು ತಗುಲಿಸಿದರೆ ಅವುಗಳ ಪ್ರವಾಹಗಳೆಲ್ಲ ಕೂಡಿಕೊಳ್ಳುತ್ತವೆ. ತಂತಿ ಕಾದು, ಹೊದಿಕೆ ಕರಗಿ, ಮನೆಗೆ ಬೆಂಕಿ ಬೀಳಬಹುದು.

ಈ ಅಪಾಯವನ್ನು ತಡೆಯುವ ಫ್ಯೂಸಿಗೂ ಅದೇ ನಿಯಮವೇ ಆಧಾರ. ಪ್ರವಾಹ ಮಿತಿಮೀರಿದಾಗ ಅದರ ತೆಳುವಾದ ತಂತಿ ಮೊದಲು ಕರಗಿ ವಿದ್ಯುತ್ತನ್ನು ಕಡಿದುಹಾಕುತ್ತದೆ. ಅಲ್ಲಿ ದಪ್ಪ ತಂತಿಯನ್ನು ಸುತ್ತುವುದು ಕಾವಲುಗಾರನನ್ನು ಕಳುಹಿಸಿ ಬಾಗಿಲು ತೆರೆದಿಟ್ಟಂತೆ. ಆದರೆ ಮನುಷ್ಯನ ಪ್ರಾಣಕ್ಕೆ ಎರವಾಗಲು ಅಲ್ಪ ಪ್ರವಾಹವೂ ಸಾಕು. ಅಷ್ಟಕ್ಕೆ ಫ್ಯೂಸ್ ಕರಗದು. ಆದುದರಿಂದ ಲೋಹದ ಹೊರಮೈಯುಳ್ಳ ಉಪಕರಣಗಳಿಗೆ ಭೂಸಂಪರ್ಕ ನೀಡುವ ಮೂರನೆಯ ಪಿನ್ ಇರಲೇಬೇಕು. ಒದ್ದೆ ಕೈಯಿಂದ ಸ್ವಿಚ್ಚನ್ನು ಮುಟ್ಟಬಾರದು. ನೀರು ಕಾಯಿಸುವ ಸುರುಳಿಯನ್ನು ನೀರಿನಲ್ಲಿ ಇಳಿಸಿದ ಮೇಲೆಯೇ ಸ್ವಿಚ್ ಹಾಕಬೇಕು. ಸ್ವಿಚ್ ಆರಿಸಿ, ಪ್ಲಗ್ಗನ್ನು ಕಿತ್ತ ಮೇಲೆಯೇ ನೀರನ್ನು ಮುಟ್ಟಬೇಕು.

1889ನೆಯ ಅಕ್ಟೋಬರ್ 11ರಂದು ಜೌಲನು ತೀರಿಕೊಂಡನು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಕೂಡಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನವು ಶಕ್ತಿಯ ಮಾನಕ್ಕೆ ಅವನ ಹೆಸರನ್ನಿಟ್ಟಿತ್ತು. ಅವನ ಸಮಾಧಿಯ ಕಲ್ಲಿನ ಮೇಲೆ 772.55 ಎಂಬ ಸಂಖ್ಯೆಯನ್ನು ಕೆತ್ತಲಾಗಿದೆ. ಒಂದು ಪೌಂಡ್ ನೀರನ್ನು ಒಂದು ಫ್ಯಾರನ್‌ಹೀಟ್ ಡಿಗ್ರಿಯಷ್ಟು ಬಿಸಿಮಾಡಲು ಅಷ್ಟು ಪೌಂಡ್ ತೂಕವು ಒಂದು ಅಡಿ ಇಳಿಯಬೇಕೆಂದು ಅವನು ಅಳೆದಿದ್ದನು. ಬಾಳನ್ನೆಲ್ಲ ಅಳತೆಗೆ ಮುಡಿಪಾಗಿಟ್ಟವನಿಗೆ ಇದಕ್ಕಿಂತ ತಕ್ಕ ಸ್ಮಾರಕ ಬೇರೆ ಯಾವುದು? ಉಪಕರಣದ ಮೇಲೆ ಬರೆದಿರುವ ವಾಟನ್ನು ಓದಿ, ಸಾಕೆಟ್ಟಿನ ಶಕ್ತಿಯನ್ನು ಅರಿತು, ಆ ಬಳಿಕ ಸ್ವಿಚ್ ಹಾಕುವ ವಿದ್ಯಾರ್ಥಿಯು ಜೌಲನಿಗೆ ನಿಜವಾದ ಗೌರವವನ್ನು ಸಲ್ಲಿಸಿದಂತಾಗುತ್ತದೆ.